ಮನೆಗೆ ಹೋಗುವವರ ಹಿಂದೆ

ಹಿಂದೆ ನೀರು ಬರುತ್ತಿದೆಯೋ ಇಲ್ಲವೋ ಎಂಬುದು ನನಗೆ ಅಂಗಾಲಿನಲ್ಲಿ ತಿಳಿಯುತ್ತದೆ. ನೆಲದೊಳಗೆ ಕೊಳವೆ ಸಣ್ಣಗೆ ಮಿಡಿಯುತ್ತದೆ. ನಿದ್ದೆ ಹತ್ತಿದ ಮಗುವಿನ ಬೆನ್ನ ಮೇಲೆ ಕೈಯಿಟ್ಟರೆ ಉಸಿರು ತಿಳಿಯುವ ಹಾಗೆ. ಬೆಳಿಗ್ಗೆ ಕೆರೆ ಏರಿಯ ತೊಟ್ಟಿಯ ಹತ್ತಿರ ನಿಂತು, ಸೆರಗು ಸಿಕ್ಕಿಸಿ, ನಮ್ಮ ಮನೆಯ ಕಡೆಗೆ ಮುಖ ಮಾಡಿ ಹೊರಟರೆ ನೀರೂ ನನ್ನ ಹಿಂದೆಯೇ ಹೊರಡುತ್ತದೆ. ನೂಲುಗಾರರ ಬೀದಿಯ ತುದಿಯ ನಮ್ಮ ಮನೆ ಮುಟ್ಟುವ ಹೊತ್ತಿಗೆ ಬೀದಿಯ ಎಲ್ಲ ನಲ್ಲಿಗಳಲ್ಲೂ ನೀರಿರುತ್ತದೆ. ನಮ್ಮೂರಿನ ನೀರು ಬರುವುದು ಮನೆಗೆ ಹೋಗುವವರ ಹಿಂದೆ ಮಾತ್ರ. ಸಂತೆಗೆ ಹೋಗುವವರ ಹಿಂದೆ, ಕಚೇರಿಗೆ ಹೋಗುವವರ ಹಿಂದೆ ಬರುವುದಿಲ್ಲ. ಯಾವಾಗಲೋ ಪಂಪು ತಂದು ಕೂರಿಸಿದ್ದರಂತೆ. ಅದು ಈಗಲೂ ತೊಟ್ಟಿಯ ಪಕ್ಕದಲ್ಲೇ ಇದೆ. ನಾವು ಅದರ ಮೇಲೆ ಊಟದ ಡಬ್ಬಿ ಇಡುತ್ತೇವೆ.

ಈ ಕೆಲಸ ಮಾಡುವ ನಮ್ಮನ್ನು ನಡಿಗೆಯವರು ಎನ್ನುತ್ತಾರೆ. ಬೀದಿಗೊಬ್ಬರು. ಜಲ ಕಂಪನಿಯ ಪಟ್ಟಿಯಲ್ಲಿ ನಮ್ಮ ಹೆಸರಿದೆ, ತೋಳಿಗೆ ಕಟ್ಟಿಕೊಳ್ಳುವ ನೀಲಿ ಪಟ್ಟಿಯಿದೆ. ಕೆಲಸ ಸುಲಭ, ಆದರೆ ದಾರಿಯಲ್ಲಿ ನಿಲ್ಲುವಂತಿಲ್ಲ. ಯಾರಾದರೂ ಮಾತಾಡಿಸಿದರೆ ನಡೆಯುತ್ತಲೇ ಉತ್ತರ ಕೊಡಬೇಕು. ನಿಂತರೆ ನೀರು ಒಂದಿಷ್ಟು ಹೊತ್ತು ಕಾಯುತ್ತದೆ, ಆಮೇಲೆ ಕೆರೆಗೆ ಹಿಂದಿರುಗುತ್ತದೆ. ನಿಂತವಳ ಹಿಂದೆ ಮತ್ತೆಂದೂ ಬರುವುದಿಲ್ಲ. ಕುಂಬಾರಗೇರಿಯ ಸಾಕಮ್ಮ ಕಾಲಿಗೆ ಮುಳ್ಳು ಚುಚ್ಚಿತೆಂದು ಒಮ್ಮೆ ನಿಂತರು. ಈಗ ಹೂ ಕಟ್ಟಿ ಮಾರುತ್ತಾರೆ.

ಹೋದ ವರ್ಷ ಕಂಪನಿಗೆ ವೈಜಯಂತಿ ಮೇಡಂ ಬಂದರು. ಊರಿಗೆ ನೀರು ಕೊಟ್ಟರಷ್ಟೇ ಸಾಲದು, ಹೇಗೆ ಕೊಡುತ್ತೀರಿ ಎಂಬುದನ್ನು ಹೊರಗಿನವರು ಬಂದು ನೋಡುತ್ತಾರೆ, ದರ್ಜೆ ಕೊಡುತ್ತಾರೆ, ದರ್ಜೆ ಹೋದರೆ ಕಂಪನಿಯನ್ನೇ ಬೇರೆಯವರ ಕೈಗೆ ಕೊಡುತ್ತಾರೆ ಎಂದು ಅವರೇ ನಮಗೆ ತಿಳಿಸಿದ್ದು. ಕಚೇರಿಯ ಗೋಡೆಗೆ ಬಣ್ಣದಲ್ಲಿ ಮೂರು ಮಾತು ಬರೆಸಿದರು: ಪರಿಸರ, ಸಮಾಜ, ಆಡಳಿತ. ಪರಿಸರವೆಂದರೆ ಕೆರೆಗೂ ಸುಧಾರಿಸಿಕೊಳ್ಳಲು ಬಿಡಬೇಕು, ಯಾವ ನಡಿಗೆಯವರೂ ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ನೀರು ಕರೆದೊಯ್ಯಬಾರದು. ಮೊದಲೆಲ್ಲ ಹಬ್ಬಕ್ಕೆ, ಮದುವೆಗೆ ಎರಡೆರಡು ಸಲ ಹೋಗುತ್ತಿದ್ದೆವು. ಆಮೇಲೆ ಏರಿಯ ಕೆಳಗೆ ಮೀನು ಸತ್ತು ನಾರುತ್ತಿದ್ದವು. ಸಮಾಜವೆಂದರೆ ಈವರೆಗೆ ಕೊಳವೆ ಮಾತ್ರ ಕಂಡು ನೀರು ಕಾಣದ ಸುಣ್ಣದಗೂಡಿಗೂ ನೀರು ಹೋಗಬೇಕು. ಆಡಳಿತವೆಂದರೆ ಯಾರ ಶಿಫಾರಸಿಗೂ ಜಗ್ಗಬಾರದು, ಪಟ್ಟಿಯಲ್ಲಿರುವವರು ಮಾತ್ರ ನಡೆಯಬೇಕು, ನಿಯಮ ಮೀರಬಾರದು. ಮೂರೂ ಒಳ್ಳೆಯ ಮಾತುಗಳೇ. ನಾನು ಈಗಲೂ ಹಾಗೆಯೇ ಅನ್ನುತ್ತೇನೆ. ಮೂರನ್ನೂ ಒಟ್ಟಿಗೆ ಎತ್ತಿ ಇಡುವಾಗ ಕೆಳಗೆ ಯಾರ ತಲೆಯಿದೆ ಎಂದು ಮಾತ್ರ ಯಾರೂ ನೋಡಲಿಲ್ಲ.

ಸುಣ್ಣದಗೂಡು ಊರಾಚೆ, ಸುಣ್ಣ ಸುಡುವವರ ಕೇರಿ. ಅಲ್ಲಿ ಮನೆಯಿರುವ ನಡಿಗೆಯವರು ಒಬ್ಬರೂ ಇರಲಿಲ್ಲ. ಇರುವಂತೆಯೂ ಇರಲಿಲ್ಲ. ಪಟ್ಟಿಗೆ ಸೇರಬೇಕಾದರೆ ಮನೆಯ ನಲ್ಲಿಯಲ್ಲಿ ಕಂಪನಿಯ ನೀರು ಬರುತ್ತಿರಬೇಕು ಎಂಬುದು ಹಳೆಯ ನಿಯಮ. ಅಲ್ಲಿನ ಹೊನ್ನೂರಮ್ಮ ಎಂಬಾಕೆ ಕೆಲಸ ಕೇಳಿಕೊಂಡು ಮೂರು ಸಲ ಕಚೇರಿಗೆ ಬಂದಿದ್ದರು. ಮೂರನೆಯ ಸಲ ನಾನೂ ಅಲ್ಲೇ ಇದ್ದೆ.

"ಮನೇಲಿ ನೀರು ಬರುತ್ತಾ?" ಎಂದು ಮ್ಯಾನೇಜರ್ ಗುರುಶಾಂತಪ್ಪನವರು ಕೇಳಿದರು.

"ಬರ್ಲಿ ಅಂತಾನೇ ಅಲ್ವಾ ಸಾಮಿ ನಾನು ಬಂದಿರೋದು."

"ಬಂದ ಮೇಲೆ ಬನ್ನಿ."

"ಅದು ಬಂದ್ಮೇಲೆ ನಾನ್ಯಾಕೆ ಬರ್ಲಿ?" ಎಂದು ಹೊನ್ನೂರಮ್ಮ ನಕ್ಕು, ಸುಣ್ಣಕ್ಕೆ ಬಿರುಕು ಬಿಟ್ಟ ಪಾದ ಎಳೆದುಕೊಂಡು ಹೊರಟುಹೋದರು.

ನೋಡಲು ಬರುವವರ ದಿನ ಹತ್ತಿರವಾದಾಗ ಗುರುಶಾಂತಪ್ಪನವರಿಗೆ ಒಂದು ಉಪಾಯ ಹೊಳೆಯಿತು. ಸುಣ್ಣದಗೂಡಿನವರು ನಡಿಗೆಯವರಾಗಲು ಆಗದಿದ್ದರೆ, ನಡಿಗೆಯವರೊಬ್ಬರು ಸುಣ್ಣದಗೂಡಿನವರಾಗಲಿ. ನನ್ನನ್ನು ಆರಿಸಿದರು. ನಮ್ಮ ಬೀದಿಯ ಕೊಳವೆಯೂ ಅಲ್ಲಿನ ಕೊಳವೆಯೂ ಕವಲುಕಟ್ಟೆಯಲ್ಲಿ ಬೇರೆಯಾಗುತ್ತವೆ, ಬಲಕ್ಕೆ ನಾವು, ಎಡಕ್ಕೆ ಅವರು. ಸಾಲದ್ದಕ್ಕೆ ನಮ್ಮ ಮನೆಯವರು ಲಾರಿಯ ಮೇಲಿರುವವರು, ಬಂದಾಗ ಬಂದರು. ಮನೆಯಲ್ಲಿರುವುದು ನಾನು ಮತ್ತು ಆರು ತುಂಬಿದ ಮಗಳು ಪಮ್ಮಿ.

"ನಮ್ಮ ಬೀದಿಗೆ ನೀರು ಯಾರು ತರ್ತಾರೆ ಸಾರ್?" ಎಂದೆ.

"ಮುಂದಿನ ವರ್ಷ ಹೊಸಬರನ್ನ ತಗೋತೀವಿ. ಈ ವರ್ಷ ಪಟ್ಟಿ ಮುಚ್ಚಿದೆ."

"ನಾನೇ ಎರಡು ಸಲ ಹೋಗ್ಲಾ?"

ವೈಜಯಂತಿ ಮೇಡಂ ಆಗದೆಂದು ತಲೆಯಾಡಿಸಿದರು. "ಒಂದು ಸಲ ಅಂತ ನಾವೇ ಬರೆದು ಕೊಟ್ಟಿದ್ದೀವಿ, ದಾಕ್ಷಾಯಿಣಿ. ಕೆರೆ ವಿಚಾರದಲ್ಲಿ ನಾನು ಸುಳ್ಳು ಹೇಳೋದಿಲ್ಲ. ನಿಮ್ಮ ಬೀದಿಯವರು ಪಕ್ಕದ ಬೀದಿಯಿಂದ ಹೊರಬಹುದು. ಸುಣ್ಣದಗೂಡಿನವರಿಗೆ ಪಕ್ಕದ ಬೀದಿನೇ ಇಲ್ಲ." ಅವರ ಮಾತಿನಲ್ಲಿ ಮೋಸವಿರಲಿಲ್ಲ. ಅದಕ್ಕೇ ನನಗೆ ಇಲ್ಲವೆನ್ನಲು ಆಗಲಿಲ್ಲ.

ಕಂಪನಿಯವರು ಮೊದಲು ನನ್ನ ಪಾತ್ರೆಪಗಡಗಳನ್ನು ಗಾಡಿಗೆ ಹಾಕಿದರು. ಸುಣ್ಣದಗೂಡಿನಲ್ಲಿ ಹೊನ್ನೂರಮ್ಮನ ಪಕ್ಕದ ಖಾಲಿ ಮನೆಗೆ ಬಣ್ಣ ಬಳಿದು, ನನ್ನ ಒಲೆ, ನನ್ನ ಚಾಪೆ, ನಮ್ಮ ಮನೆದೇವರ ಪಟ ಎಲ್ಲ ತಂದಿಟ್ಟರು. ಬಾಗಿಲಿಗೆ ನನ್ನ ಹೆಸರಿನ ಹಲಗೆಯನ್ನೂ ಹೊಡೆದರು. ಮಾರನೆಯ ದಿನ ನಾನು ತೊಟ್ಟಿಯಿಂದ ಹೊರಟು ಕವಲುಕಟ್ಟೆಯಲ್ಲಿ ಎಡಕ್ಕೆ ತಿರುಗಿದೆ. ತಿರುಗಿದ ಕೂಡಲೇ ಅಂಗಾಲು ತಣ್ಣಗಾಯಿತು. ನೀರು ಕವಲಿನಲ್ಲೇ ನಿಂತು, ಆಮೇಲೆ ವಾಪಸು ಹೋಯಿತು. ಆ ದಿನ ಇಲ್ಲಿಗೂ ಇಲ್ಲ, ಅಲ್ಲಿಗೂ ಇಲ್ಲ.

"ಪಾತ್ರೆ ಇಟ್ಟರೆ ಮನೆ ಆಗುತ್ತೇನಪ್ಪಾ?" ಎಂದು ಹೊನ್ನೂರಮ್ಮ ಗುರುಶಾಂತಪ್ಪನವರನ್ನು ಕೇಳಿದರು. "ಹಂಗಾದ್ರೆ ಪಾತ್ರೆ ಅಂಗಡಿಗೆ ದಿನಾ ಹೊಳೆ ಹರೀಬೇಕಿತ್ತು."

ಅವರು ತಮಾಷೆಗೆ ಅಂದದ್ದು. ಗುರುಶಾಂತಪ್ಪನವರು ಅದನ್ನೇ ಹಿಡಿದುಕೊಂಡು ಯೋಚಿಸಿ, ಸಂಜೆ ನಮ್ಮ ಬೀದಿಗೆ ಬಂದು, ಜಗುಲಿಯ ಮೇಲೆ ಕುಂಟೆಬಿಲ್ಲೆ ಗೆರೆ ಎಳೆಯುತ್ತಿದ್ದ ಪಮ್ಮಿಯನ್ನು ನೋಡುತ್ತ ನಿಂತರು. ಮಗು ಎಲ್ಲಿರುತ್ತದೋ ಅಲ್ಲೇ ನನ್ನ ಮನೆ ಎಂದು ಅವರು ಲೆಕ್ಕ ಹಾಕಿದ್ದು ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

ಸೋಮವಾರ ಪಮ್ಮಿಯನ್ನು ಕರೆದುಕೊಂಡು ಹೋದೆ. ನೋಡುವವರು ಬರುವುದು ಶುಕ್ರವಾರ. ರಾತ್ರಿ ಇಬ್ಬರೂ ಅಲ್ಲೇ ಮಲಗುವುದು, ಬೆಳಿಗ್ಗೆ ಅವಳನ್ನು ಹೊನ್ನೂರಮ್ಮನ ಹತ್ತಿರ ಬಿಟ್ಟು ನಾನು ಕೆರೆಗೆ ಹೋಗುವುದು. ಮೊದಲ ಬೆಳಿಗ್ಗೆ ಅವಳು ನನ್ನ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಳಲಿಲ್ಲ. "ನಮ್ಮನೇಗೆ ಯಾವಾಗ ಹೋಗೋದು?" ಎಂದಳು. "ಇದೇ ಈಗ ನಮ್ಮನೆ" ಎಂದೆ. ಅವಳು ಗೋಡೆ ನೋಡಿದಳು, ಹೊಸ ಬಣ್ಣದ ವಾಸನೆಗೆ ಮೂಗು ಮುಚ್ಚಿದಳು, ಒಂದೊಂದೇ ಬೆರಳು ಸಡಿಲ ಮಾಡಿ ಸೀರೆ ಬಿಟ್ಟಳು.

ಅವತ್ತು ನೀರು ಕವಲಿನಿಂದ ಒಂದಿಷ್ಟು ದೂರ ಎಡಕ್ಕೆ ಬಂತು. ಮರುದಿನ ಇನ್ನೂ ಸ್ವಲ್ಪ. ಗುರುಶಾಂತಪ್ಪನವರು ಕೊಳವೆಯ ಮೇಲೆ ಕಿವಿಯಿಟ್ಟು ಕೇಳಿ, ನೀರು ನಿಂತಲ್ಲೆಲ್ಲ ಮರದ ಗೂಟ ಹೊಡೆಸಿದರು. ಗೂಟಗಳು ದಿನದಿನಕ್ಕೆ ಸುಣ್ಣದಗೂಡಿನ ಕಡೆಗೆ ಸರಿಯುತ್ತಿದ್ದವು. ಅವರಿಗೆ ಸಂತೋಷ. ನನಗೆ ಮಾತ್ರ ಹೆದರಿಕೆ. ಆ ಗೂಟಗಳು ನನ್ನ ಮನಸ್ಸು ಎಲ್ಲಿಗೆ ಬಂದಿದೆ ಎಂಬುದನ್ನು ಊರಿಗೆಲ್ಲ ತೋರಿಸುತ್ತಿದ್ದವು. ಪಮ್ಮಿ ಅಷ್ಟರಲ್ಲಿ ಹೊನ್ನೂರಮ್ಮನನ್ನು ದೊಡ್ಡಮ್ಮ ಎನ್ನತೊಡಗಿದ್ದಳು, ಅವರ ಮೇಕೆಮರಿಗೆ ಹೆಸರಿಟ್ಟಿದ್ದಳು. ನಾನು ಕೆರೆಯಿಂದ ಬರುವ ಹೊತ್ತಿಗೆ ಅವಳು ಆ ಬಾಗಿಲಲ್ಲಿ ನಿಂತು ನನ್ನತ್ತ ಕೈ ಬೀಸಿದಾಗ ನನ್ನ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು. ಇನ್ನೆರಡು ದಿನಕ್ಕೆ ನಿಜವಾಗಿ ಇದೇ ನನ್ನ ಮನೆಯಾಗಿಬಿಡುತ್ತದೆ, ಆಗ ನೂಲುಗಾರರ ಬೀದಿಗೆ ನಾನು ಬಯಸಿದರೂ ನೀರು ತರಲಾರೆ ಎಂದುಕೊಳ್ಳುತ್ತಿದ್ದೆ. ಹೊನ್ನೂರಮ್ಮ ಕೇರಿಯ ಗುಂಡಿಯಿಂದ ಸೋಸಿ ತಂದ ನೀರಲ್ಲಿ ಅಡುಗೆ ಮಾಡುತ್ತಿದ್ದೆ. ಆ ಬಿಳಿ ನೀರನ್ನು ಅವರು ಹುಟ್ಟಿದಾಗಿನಿಂದ ಕುಡಿದಿದ್ದಾರೆ ಎನ್ನುವುದೂ ನೆನಪಾಗುತ್ತಿತ್ತು. ಯಾವ ಕಡೆಗೆ ತಿರುಗಿದರೂ ಇನ್ನೊಂದು ಕಡೆಯವರಿಗೆ ಬೆನ್ನು.

ಗುರುವಾರ ನೂಲುಗಾರರ ಬೀದಿಯ ಮನೆಯಲ್ಲಿ ಉಳಿದಿದ್ದ ಸೌದೆ ತರಲು ಹೋದೆ. ಎದುರು ಮನೆಯ ರುದ್ರಾಣಿ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಅಡ್ಡ ನಿಂತಳು. ಅವಳ ಕೈ ಪಕ್ಕದ ಬೀದಿಯಿಂದ ನೀರು ಹೊತ್ತು ಊದಿಕೊಂಡಿತ್ತು.

"ಬಂದ್ಯಾ ಮಹಾರಾಣಿ? ಹೊಸ ಅರಮನೆ ಹೆಂಗಿದೆ?"

"ರುದ್ರಿ, ನನ್ನ ಕೈಲಿ ಏನಿದೆ ಹೇಳು."

"ಕೈಲಿ ಏನೂ ಇಲ್ಲ, ಕಾಲಲ್ಲಿ ಇದೆ. ಅದೇ ನೋಡು ಬೇಜಾರು." ಅವಳು ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. "ನಿನ್ನ ಬಾಣಂತನಕ್ಕೆ ಬಿಸಿನೀರು ಕಾಯಿಸಿ ಹಾಕ್ದೋಳು ನಾನು. ಈಗ ನನಗೆ ಮುಖ ತೊಳೆಯೋಕೂ ನೀರಿಲ್ಲ. ನಾಳೆ ಅಲ್ಲಿಗೆ ನೀರು ಹೋಯ್ತು ಅಂದ್ರೆ ನೀನು ಈ ಬೀದಿಯವಳಲ್ಲ, ತಿಳ್ಕೋ."

ನಾನು ಸೌದೆ ಬಿಟ್ಟೇ ಹಿಂದಿರುಗಿದೆ.

ಶುಕ್ರವಾರ ಬೆಳಿಗ್ಗೆ ಬಿಸಿಲು ಚುರುಕಾಗಿತ್ತು. ನೋಡಲು ಬಂದಿದ್ದವರು ಇಬ್ಬರು, ಒಬ್ಬರು ವಯಸ್ಸಾದವರು, ಇನ್ನೊಬ್ಬಳು ಹುಡುಗಿ. ಗಟ್ಟಿ ಬೂಟು, ತಲೆಗೆ ಟೋಪಿ. ವೈಜಯಂತಿ ಮೇಡಂ, ಗುರುಶಾಂತಪ್ಪನವರು ಅವರ ಜೊತೆಗೆ. ನಾನು ಮುಂದೆ, ಅವರೆಲ್ಲ ನನ್ನ ಹಿಂದೆ, ನೆಲದೊಳಗೆ ನಮ್ಮೆಲ್ಲರ ಕೆಳಗೆ ನೀರು. ಬೂಟಿನ ಸದ್ದಿನಲ್ಲಿ ನೀರಿನ ಮಿಡಿತ ಕಳೆದುಹೋಗದಿರಲಿ ಎಂದು ನಾನು ಹೆಬ್ಬೆರಳನ್ನು ನೆಲಕ್ಕೆ ಒತ್ತಿ ನಡೆಯುತ್ತಿದ್ದೆ. ಇವತ್ತು ಅದು ಬಲವಾಗಿ ಬರುತ್ತಿತ್ತು. ಕವಲಿನಲ್ಲಿ ಎಡಕ್ಕೆ ಬರುತ್ತದೆ ಎಂದು ನನಗೆ ಗೊತ್ತಾಯಿತು.

ಕವಲುಕಟ್ಟೆ ಕಣ್ಣಿಗೆ ಬಿತ್ತು. ಅದರಾಚೆಯಿಂದ ಯಾರೋ ಓಡಿ ಬರುತ್ತಿದ್ದರು. ಮೊದಲು ಕಂಡದ್ದು ಬಿಳಿಯ ಧೂಳು, ಆಮೇಲೆ ಹೊನ್ನೂರಮ್ಮ. ಅವರ ತೋಳಿನಲ್ಲಿ ಪಮ್ಮಿ. ಅವಳ ಎರಡೂ ಕೈಗಳನ್ನು ಹೊನ್ನೂರಮ್ಮ ತಮ್ಮ ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು, ಕಣ್ಣು ಉಜ್ಜಿಕೊಳ್ಳದಂತೆ. ಮಗುವಿನ ಕೂಗು ಆಗ ಕೇಳಿಸಿತು.

"ಕಣ್ಣಿಗೆ ಸುಣ್ಣ ಬಿತ್ತು ತಾಯಿ," ಎಂದರು ಹೊನ್ನೂರಮ್ಮ ದೂರದಿಂದಲೇ. "ಮರಿ ಹಿಂದೆ ಓಡಿ ಗೂಡಿನ ಹತ್ರ ಬಿದ್ಲು. ಕೊಡದಲ್ಲಿ ಇದ್ದಿದ್ದೆಲ್ಲ ಹಾಕ್ದೆ, ಸಾಲ್ಲಿಲ್ಲ. ನೀರು ಬರೋ ದಾರಿಗೇ ಬಂದೆ."

ಸುಣ್ಣ ಕಣ್ಣಿಗೆ ಏನು ಮಾಡುತ್ತದೆ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಆ ಕೇರಿಯಲ್ಲಿ ಒಂದು ಕಣ್ಣಿನವರು ಎಷ್ಟೋ ಜನರಿದ್ದಾರೆ.

ಕವಲುಕಟ್ಟೆಯಲ್ಲಿ ಒಂದು ನಲ್ಲಿಯಿದೆ. ದಾರಿಹೋಕರು ಕುಡಿಯಲಿ ಎಂದು ಇಟ್ಟದ್ದು. ನೀರು ಕವಲಿನಲ್ಲಿ ಹಾದುಹೋಗುವಷ್ಟು ಹೊತ್ತು ಅದರಲ್ಲೂ ಬರುತ್ತದೆ.

"ನಿಲ್ಲಬೇಡ," ಎಂದರು ಗುರುಶಾಂತಪ್ಪನವರು ನನ್ನ ಹಿಂದಿನಿಂದ, ಮೆಲ್ಲಗೆ, ಬಂದವರಿಗೆ ಕೇಳಿಸದ ಹಾಗೆ. "ದಾಕ್ಷಿ, ನಡೀತಾ ಇರು. ಅವರು ತೊಳೀತಾರೆ. ನಿಂತರೆ ಎಲ್ಲಾ ಹೋಯ್ತು."

ಪಮ್ಮಿ ನನ್ನ ಹೆಜ್ಜೆಯ ಸದ್ದಿನ ಕಡೆಗೆ ಮುಖ ತಿರುಗಿಸಿ, ಮುಚ್ಚಿದ ಕಣ್ಣಿನಲ್ಲೇ, "ಅಮ್ಮ" ಎಂದಳು. ನಾನು ನಿಂತೆ.

ನಿಂತು, ಅವಳನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ನಲ್ಲಿ ತಿರುಗಿಸಿ, ರೆಪ್ಪೆ ಬಿಡಿಸಿ ನೀರು ಬಿಟ್ಟೆ. ಅವಳು ಮೀನಿನ ಹಾಗೆ ಒದ್ದಾಡಿದಳು. ಹೊನ್ನೂರಮ್ಮ ಕಾಲು ಹಿಡಿದುಕೊಂಡರು. ಬಿಳಿ ನೀರು ಕೆನ್ನೆಯಿಂದ ಕಿವಿಗೆ, ಕಿವಿಯಿಂದ ನನ್ನ ಸೀರೆಗೆ ಇಳಿಯಿತು. ಒಂದು ಕಣ್ಣು ಆದ ಮೇಲೆ ಇನ್ನೊಂದು. ಮತ್ತೆ ಮೊದಲನೆಯದು. ಕೆಳಗೆ ಕೊಳವೆ ನಡುಗುತ್ತಿತ್ತು, ಹೋಗಲೋ ಇರಲೋ ಎನ್ನುವ ಹಾಗೆ. ಇನ್ನೂ ತೊಳೆಯಬೇಕಿತ್ತು, ಬಹಳ ಹೊತ್ತು ತೊಳೆಯಬೇಕಿತ್ತು. ಅಷ್ಟರಲ್ಲಿ ನಲ್ಲಿಯ ಧಾರೆ ಸಣ್ಣಗಾಯಿತು. ದಾರದಷ್ಟಾಯಿತು. ನೀರು ಹಿಂದಿರುಗಲು ಶುರುಮಾಡಿತ್ತು, ಮತ್ತು ನನ್ನ ಹಿಂದೆ ಅದು ಇನ್ನೆಂದೂ ಬರುವಂತಿರಲಿಲ್ಲ.

"ಅಕ್ಕ," ಎಂದೆ ಹೊನ್ನೂರಮ್ಮನಿಗೆ. "ನೀವು ಮನೆಗೆ ಹೋಗಿ."

"ಮಗೂನ ಹಿಂಗೆ ಬಿಟ್ಟಾ? ಏನಂತ ಮಾತಾಡ್ತೀಯ?"

"ನಿಮ್ಮ ಮನೆಗೆ ಹೋಗಿ ಅಕ್ಕ. ಈಗಲೇ. ನಿಲ್ಲದೆ."

ಅವರು ನನ್ನನ್ನು ನೋಡಿದರು, ನಲ್ಲಿಯನ್ನು ನೋಡಿದರು. ಅರ್ಥವಾಯಿತು. ಗುರುಶಾಂತಪ್ಪನವರಿಗೂ ಅರ್ಥವಾಯಿತು. "ಆಯಮ್ಮ ಪಟ್ಟಿಯಲ್ಲಿಲ್ಲ" ಎಂದು ಅವರು ಒಂದು ಹೆಜ್ಜೆ ಮುಂದೆ ಬಂದರು. "ಮೇಡಂ, ಇವರ ಎದುರಿಗೇ ನಿಯಮ ಮುರಿದ ಹಾಗಾಗುತ್ತೆ." ವೈಜಯಂತಿ ಮೇಡಂ ಅವರ ತೋಳು ಹಿಡಿದು ಹಿಂದಕ್ಕೆ ಸರಿಸಿದರು.

ಹೊನ್ನೂರಮ್ಮ ಮಗುವಿನ ಕಾಲು ಬಿಟ್ಟು ಎದ್ದರು. ಸೀರೆಯ ಧೂಳು ಕೊಡವಿಕೊಂಡು ಎಡಕ್ಕೆ ತಿರುಗಿ ನಡೆದರು. ಕೆರೆಯ ಹತ್ತಿರ ನಿಂತು ಹೊರಟವರಲ್ಲ, ತೋಳಿಗೆ ಪಟ್ಟಿ ಕಟ್ಟಿದವರಲ್ಲ. ಒಲೆಯ ಮೇಲೆ ಏನೋ ಇಟ್ಟು ಬಂದವರ ಹಾಗೆ ಹೋದರು. ನಲ್ಲಿಯಲ್ಲಿ ಒಂದು ಹನಿ ನಿಂತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಪಮ್ಮಿಯ ಕಣ್ಣಿಗೆ ನನ್ನ ನಾಲಿಗೆಯನ್ನಾದರೂ ಇಡಬೇಕೆಂದು ಬಾಗಿದೆ.

ಆಗ ನೆಲ ಅದುರಿತು. ಧಾರೆ ಹೆಬ್ಬೆರಳಿನಷ್ಟು ದಪ್ಪಗೆ ಬಂದು ನಮ್ಮಿಬ್ಬರ ಮುಖಕ್ಕೂ ಬಡಿಯಿತು. ನಾನು ಹತ್ತು ವರ್ಷ ನೀರು ನಡೆಸಿದ್ದೇನೆ, ನನ್ನ ಹಿಂದೆ ಅದು ಅಷ್ಟು ಜೋರಾಗಿ ಎಂದೂ ಬಂದಿಲ್ಲ. ಹೊನ್ನೂರಮ್ಮ ಹಿಂದಿರುಗಿ ನೋಡದೆ ಹೋಗುತ್ತಲೇ ಇದ್ದರು. ನಾನು ತೊಳೆಯುತ್ತಲೇ ಇದ್ದೆ. ಸುಣ್ಣದಗೂಡಿನ ಕಡೆಯಿಂದ ಪಾತ್ರೆಗಳ ಸದ್ದು ಕೇಳತೊಡಗಿತು, ಆಮೇಲೆ ಜನರದು. ಪಮ್ಮಿ ಅಳುವುದನ್ನು ನಿಲ್ಲಿಸಿ, ಕೆಂಪಾದ ಕಣ್ಣು ಬಿಟ್ಟು, "ಅಮ್ಮ, ನಿನ್ನ ಕುಂಕುಮ ಅಳಿಸಿಹೋಗಿದೆ" ಎಂದಳು. ಕಾಣಿಸುತ್ತಿದೆ ಎಂದಾಯಿತು.

ಬಂದಿದ್ದವರಲ್ಲಿ ವಯಸ್ಸಾದವರು, "ಆಕೆ ಯಾರು?" ಎಂದು ಕೇಳಿದರು.

ಗುರುಶಾಂತಪ್ಪನವರು ಬಾಯಿ ತೆರೆದರು. ಅವರಿಗಿಂತ ಮೊದಲು ವೈಜಯಂತಿ ಮೇಡಂ ಹೇಳಿದರು. "ನಾವು ಮೂರು ಸಲ ಬೇಡ ಅಂದು ಕಳಿಸಿದವರು. ತಪ್ಪು ನಮ್ಮ ನಿಯಮದ್ದು. ಹಾಗೇ ಬರೆದುಕೊಳ್ಳಿ."

ಅವರು ಬರೆದುಕೊಂಡರು. ದರ್ಜೆಯ ವಿಚಾರ ಏನಾಯಿತೆಂದು ನನಗೆ ಇನ್ನೂ ತಿಳಿದಿಲ್ಲ. ಮೇಡಂ ಅವರಿಗೂ ತಿಳಿದಂತಿಲ್ಲ. ನಲ್ಲಿಯಿದ್ದವರೇ ನಡಿಗೆಯವರಾಗಬೇಕು ಎಂಬ ಸಾಲನ್ನು ಮಾತ್ರ ಅವತ್ತು ಸಂಜೆಯೇ ಹೊಡೆದುಹಾಕಿದರು. ಪಟ್ಟಿಯನ್ನೂ ತೆರೆದರು. ಹೊನ್ನೂರಮ್ಮ ಮಾರನೆಯ ದಿನದಿಂದ ಕೆರೆಗೆ ಬರಬೇಕೆಂದಾಯಿತು. ನನ್ನ ನೀಲಿ ಪಟ್ಟಿಯನ್ನು ನಾನೇ ಬಿಚ್ಚಿ ಮೇಜಿನ ಮೇಲಿಟ್ಟೆ. ಗುರುಶಾಂತಪ್ಪನವರು ಅದನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. "ಕಣ್ಣು ಹೇಗಿದೆ ಮಗೂದು?" ಎಂದರು. "ಡಾಕ್ಟರು ಹನಿ ಕೊಟ್ಟಿದ್ದಾರೆ ಸಾರ್" ಎಂದೆ.

ಪಮ್ಮಿಯನ್ನು ಎತ್ತಿಕೊಂಡು ನೂಲುಗಾರರ ಬೀದಿಗೆ ಬಂದೆ. ಬೀದಿಯ ಉದ್ದಕ್ಕೂ ಖಾಲಿ ಕೊಡಗಳು ಬಾಗಿಲ ಮುಂದೆ ಸಾಲಾಗಿದ್ದವು. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಪಾತ್ರೆಯಿಲ್ಲದ, ಚಾಪೆಯಿಲ್ಲದ ಮನೆಯ ಬಾಗಿಲು ತೆಗೆದು ಬರಿ ನೆಲದ ಮೇಲೆ ಕುಳಿತೆ. ಮಗು ಮಡಿಲಲ್ಲೇ ನಿದ್ದೆ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ರುದ್ರಾಣಿ ಬಂದಳು. ಹೊಸ್ತಿಲಾಚೆಯೇ ನಿಂತು ಪಮ್ಮಿಯ ಮುಖ ನೋಡಿದಳು.

"ಕಣ್ಣು ಕಾಣುತ್ತಾ?"

"ಕಾಣುತ್ತೆ."

"ನೀನು ಇನ್ನು ನಡೆಯೋ ಹಾಗಿಲ್ಲ."

"ಇಲ್ಲ ರುದ್ರಿ."

ಅವಳು ಹೊಸ್ತಿಲ ಮೇಲೆ ಕುಳಿತಳು. ಬೈಯುತ್ತಾಳೆಂದು ಕಾದೆ. "ಪಟ್ಟಿ ತೆರೆದವ್ರಂತೆ," ಎಂದಳು. "ಬೀದಿಯವರೆಲ್ಲ ನನ್ನ ಹೆಸರು ಹೇಳ್ತಾವ್ರೆ. ನಮ್ಮನೇನೂ ತುದೀಲೇ ಇದೆ, ಕಾಲೂ ಗಟ್ಟಿ ಇದೆ ಅಂತ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಬೆಳಿಗ್ಗೆ ಹೋಗ್ತೀನಿ ಅಂತ ಒಪ್ಕೊಂಡೂ ಬಂದೆ. ಒಪ್ಕೊಂಡ ಮೇಲಿಂದ ಹೆದ್ರಿಕೆ ಆಗ್ತಿದೆ ಕಣೆ."

"ಕಷ್ಟ ಏನಿಲ್ಲ. ಮನೆ ಕಡೆ ಮುಖ ಮಾಡಿ ಹೊರಡೋದು, ಅಷ್ಟೇ."

"ಅದೇ," ಎಂದಳು. ಬೀದಿಯಾಚೆಯ ತನ್ನ ಮನೆಯ ಬಾಗಿಲನ್ನು ನೋಡಿದಳು. "ಆ ಮನೆ ಹೆಂಗಿದೆ ಅಂತ ನಿನಗೆ ಗೊತ್ತಲ್ಲ. ನನ್ನ ಗಂಡ ಕುಡಿದು ಬಂದಾಗಿನ ಗಲಾಟೆ ನಿನ್ನ ಗೋಡೆಗೂ ಕೇಳಿಸುತ್ತೆ. ಸಂತೆಗೆ ಹೋದ್ರೆ ನಾನು ಬೇಕಂತಲೇ ಸುತ್ತು ಹಾಕ್ಕೊಂಡು ಬರ್ತೀನಿ. ಮನೆಗೆ ಹೋಗ್ಬೇಕು ಅಂತ ನನಗೆ ಒಂದು ದಿನವೂ ಅನ್ಸಿಲ್ಲ, ದಾಕ್ಷಿ. ನೀರಿಗೆ ಅದು ಗೊತ್ತಾಗೋದಿಲ್ವಾ? ಬೀದಿಯವರ ಎದುರು ಹಿಂದೆ ನೀರಿಲ್ಲದೆ ಬರಿಗಾಲಲ್ಲಿ ಬಂದು ನಿಂತ್ರೆ, ಊರಿಗೆಲ್ಲ ಗೊತ್ತಾಗಿಬಿಡುತ್ತೆ."

ಇಷ್ಟು ವರ್ಷ ಅವಳ ಬಾಯಿಗೆ ಹೆದರಿದ್ದೆ. ಅದರ ಹಿಂದೆ ಇದಿದೆ ಎಂದು ತಿಳಿದಿದ್ದರೂ ಒಂದು ಸಲವೂ ಕೇಳಿರಲಿಲ್ಲ.

"ಹಾಗಾದ್ರೆ ನಮ್ಮನೆಗೆ ಬಾ," ಎಂದೆ. "ತೊಟ್ಟಿಯ ಹತ್ರ ನಿಂತು ಈ ಬಾಗಿಲು ನೆನಸ್ಕೋ. ಬಿಸಿ ರೊಟ್ಟಿ ಮಾಡಿಟ್ಟಿರ್ತೀನಿ. ಬಂದು ತಿನ್ನು. ಆಮೇಲೆ ಹೋಗ್ಬೇಕು ಅನ್ಸಿದ್ರೆ ಹೋಗು, ಇಲ್ಲದಿದ್ರೆ ಇರು."

"ಎರಡು ದಿನ ಕರೀತೀಯ. ಆಮೇಲೆ?"

"ದಿನಾ ಬರಬೇಕಲ್ಲ ನೀನು. ಬೀದಿಗೆ ನೀರು ಬೇಕಲ್ಲ."

ಅವಳು ಎದ್ದಳು. ತನ್ನ ಮನೆಯಿಂದ ಒಂದು ಹೆಂಚು, ಎರಡು ತಟ್ಟೆ, ಒಂದಿಷ್ಟು ಹಿಟ್ಟು, ಒಂದು ಚೊಂಬು ನೀರು ತಂದು ಒಳಗಿಟ್ಟು ಹೋದಳು.

ಬೆಳಿಗ್ಗೆ ಅವಳು ಕೆರೆಗೆ ಹೊರಟದ್ದನ್ನು ಕಿಟಕಿಯಿಂದ ನೋಡಿದೆ. ಆ ಚೊಂಬಿನ ನೀರಿನಲ್ಲಿ ಹಿಟ್ಟು ಕಲಸಿದೆ, ಬೇರೆ ನೀರಿರಲಿಲ್ಲ. ಮೂರು ಕಲ್ಲು ಜೋಡಿಸಿ ಒಲೆ ಹೂಡಿದೆ. ಪಮ್ಮಿ ಎದ್ದು, ಕಣ್ಣಿಗೆ ಹನಿ ಹಾಕಿಸಿಕೊಂಡು, ನನ್ನ ಬೆನ್ನಿಗೆ ಒರಗಿ ಕುಳಿತಳು. ಹೊರಗೆ ಬೀದಿಯವರು ಕೊಡ ಹಿಡಿದು ನಿಂತಿದ್ದರು. ದಾರಿಯಲ್ಲಿ ನಡೆಯುವ ಹೆದರಿಕೆ ನನಗೆ ಗೊತ್ತಿತ್ತು. ಮನೆಯಲ್ಲಿ ಕುಳಿತು ಕಾಯುವ ಹೆದರಿಕೆ ಹೊಸದು. ಅಂಗಾಲನ್ನು ನೆಲಕ್ಕೆ ಒತ್ತಿ ನೋಡಿದೆ, ಏನೂ ತಿಳಿಯಲಿಲ್ಲ. ರೊಟ್ಟಿ ತಟ್ಟಿದೆ, ಬೇಯಿಸಿದೆ, ಬಟ್ಟೆಯಲ್ಲಿ ಮುಚ್ಚಿಟ್ಟೆ. ಮತ್ತೊಂದು ತಟ್ಟಿದೆ.

"ರುದ್ರಿ ಅತ್ತೆ ಬರ್ತಾರಾ?" ಎಂದಳು ಪಮ್ಮಿ.

ಹಿತ್ತಿಲ ನಲ್ಲಿ ಒಮ್ಮೆ ಕೆಮ್ಮಿತು. ಬರಿ ಗಾಳಿ, ನೀರಿನ ಮುಂದೆ ಬರುವಂಥದು. ಆಮೇಲೆ ಇನ್ನೊಮ್ಮೆ, ಉದ್ದಕ್ಕೆ. ನಾನು ಹೆಂಚಿನ ಮೇಲಿದ್ದ ರೊಟ್ಟಿಯನ್ನು ರುದ್ರಾಣಿಯ ತಟ್ಟೆಗೆ ಹಾಕಿ, ಎದ್ದು ಬಾಗಿಲನ್ನು ಪೂರ್ತಿ ತೆರೆದಿಟ್ಟೆ.